ರುಚಿ ನೋಡುವ ಕೆಲಸ

ಡಾಕ್ಟರ್ ಮೇಡಂ ನನ್ನ ಗುಳಿಗೆ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಮೂರು ಥರದ ಬಿಪಿ ಗುಳಿಗೆ, ಗ್ಯಾಸಿನದೊಂದು, ಮೊಣಕಾಲು ನೋವಿನದೊಂದು, ಅರ್ಧ ಹರಿದ ಸ್ಟ್ರಿಪ್ಪುಗಳು, ಒಂದು ಸೇಫ್ಟಿ ಪಿನ್ನು, ನಾಲ್ಕು ಲವಂಗ. ಲವಂಗ ಉರುಳಿದ್ದು ನೋಡಿ ನನಗೆ ಎದೆ ಧಸಕ್ ಅಂದಿತು. ಪುಣ್ಯಕ್ಕೆ ಅವರು ಅದನ್ನು ಗಮನಿಸಲಿಲ್ಲ. ಒಂದೊಂದೇ ಸ್ಟ್ರಿಪ್ ಎತ್ತಿ, ಎಷ್ಟು ಉಳಿದಿವೆ ಅಂತ ಎಣಿಸತೊಡಗಿದರು.

'ಈ ನೀರಿನ ಗುಳಿಗಿ ಯಾಕ್ರೀ ಇಷ್ಟು ಉಳದಾವು? ತಿಂಗಳದಾಗ ಹನ್ನೆರಡು ದಿನ ತಗೊಂಡೇ ಇಲ್ಲ ನೀವು.'

ಆರು ವರ್ಷದಿಂದ ನಾನು ಸಿಕ್ಕವರಿಗೆಲ್ಲ ಒಂದೇ ಮಾತು ಹೇಳಿಕೊಂಡು ಬಂದಿದ್ದೆ. 'ಮೂರು ಗುಳಿಗಿ ನುಂಗಿದ್ರೂ ನನ್ನ ಬಿಪಿ ಜಗ್ಗಂಗಿಲ್ಲ.' ಅದರಲ್ಲಿ ಸ್ವಲ್ಪ ಜಂಭವೂ ಇತ್ತೇನೋ. ಅವತ್ತು ಮೊದಲ ಸಲ ಆ ಮಾತಿನ ಮೇಲೆ ನನಗೇ ಅನುಮಾನ ಬಂತು.

ವಿಜಯಪುರದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ನಾನು, ನಮ್ಮ ಮನೆಯವರು, ರೊಟ್ಟಿ ಬಡಿಯುವ ಆಯಿ, ತಾಟು ಎತ್ತಲು ಇಬ್ಬರು ಹುಡುಗರು. ಬೆಳಿಗ್ಗೆ 11ಕ್ಕೆ ಒಲೆಯಿಂದ ಪಲ್ಲೆ ಇಳಿದರೆ ರಾತ್ರಿ 11ರವರೆಗೂ ಜನ. ನೀರಿನ ಗುಳಿಗೆ ಅಂದರೆ ಮೂತ್ರ ಜಾಸ್ತಿ ಮಾಡುವ ಗುಳಿಗೆ. ಅದನ್ನು ತಗೊಂಡರೆ ಮುಂದಿನ ಎರಡು ಮೂರು ತಾಸು ಓಡಾಟ. ಖಾನಾವಳಿಯಲ್ಲಿ ಪಾಯಖಾನೆ ಇಲ್ಲ, ಮನೆಗೇ ಹೋಗಿ ಬರಬೇಕು. ಮಧ್ಯಾಹ್ನದ ಗದ್ದಲದಲ್ಲಿ ಅದು ಆಗುತ್ತಾ? ಹಾಗಾಗಿ ಗಿರಾಕಿ ಜಾಸ್ತಿ ಇರುವ ದಿನ ಸುಮ್ನೆ ಬಿಟ್ಟುಬಿಡುತ್ತಿದ್ದೆ. ಇದನ್ನು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

'ಬೆಳಿಗ್ಗೆ ಐದಕ್ಕ ತಗೊಂಡುಬಿಡ್ರಿ. ಅಂಗಡಿ ತೆಗಿಯೋದ್ರಾಗ ಅದರ ಗದ್ದಲ ಮುಗದಿರ್ತದ' ಅಂದರು. ಇಷ್ಟೇ. ಆರು ವರ್ಷ ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ಆಮೇಲೆ ಮೊಣಕಾಲಿನ ಗುಳಿಗೆ ಎತ್ತಿದರು. ಡೈಕ್ಲೋಫೆನಾಕ್. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಾರೆ. ದಿನವಿಡೀ ನಿಂತು ಕೆಲಸ, ವಾರಕ್ಕೆ ನಾಲ್ಕಾದರೂ ನುಂಗುತ್ತಿದ್ದೆ. ಈ ಜಾತಿಯ ನೋವಿನ ಗುಳಿಗೆಗಳು ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತವಂತೆ. ಬಿಪಿ ಏರಿಸುತ್ತವೆ, ಬಿಪಿ ಗುಳಿಗೆಗಳ ಕೆಲಸವನ್ನೂ ಕೆಡಿಸುತ್ತವೆ, ಕಿಡ್ನಿಗೂ ಒಳ್ಳೆಯದಲ್ಲ. 'ಕುರುಡ ಮುಂದ ಹಗ್ಗ ಹೊಸಿಯಾಕತ್ತಾನ, ಹಿಂದ ಕರ ತಿನ್ನಾಕತ್ತೇತಿ' ಅಂದರು ಮೇಡಂ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದನ್ನು ಅವತ್ತೇ ಬಿಡಿಸಿ, ಮೊಣಕಾಲಿಗೆ ಎರಡು ವ್ಯಾಯಾಮ ಹೇಳಿದರು. ತೀರಾ ನೋವಿದ್ದರೆ ಪ್ಯಾರಾಸಿಟಮಾಲ್, ಅದೂ ಅಪರೂಪಕ್ಕೆ.

ಬಿಪಿ ನೋಡುವುದರಲ್ಲೂ ಎಡವಟ್ಟು ಇತ್ತು. ಮೊದಲು ಹೋಗುತ್ತಿದ್ದ ದವಾಖಾನೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂಡಿಸಿ, ಕುಪ್ಪಸದ ತೋಳಿನ ಮೇಲೆಯೇ ಪಟ್ಟಿ ಸುತ್ತಿ, 'ಖಾನಾವಳಿ ಹೆಂಗ್ ನಡದೇತ್ರಿ' ಅಂತ ಮಾತಾಡಿಸುತ್ತಲೇ ಗಾಳಿ ತುಂಬುತ್ತಿದ್ದರು. 178/104. ಈ ಮೇಡಂ ಐದು ನಿಮಿಷ ಸುಮ್ಮನೆ ಕೂಡಿಸಿದರು. ಬೆನ್ನು ಕುರ್ಚಿಗೆ, ಪಾದ ನೆಲಕ್ಕೆ, ಕೈ ಎದೆಯ ಮಟ್ಟಕ್ಕೆ. ರೊಟ್ಟಿ ಬಡಿದು ಬಡಿದು ನನ್ನ ರಟ್ಟೆ ದಪ್ಪ. ಅದಕ್ಕೆ ದೊಡ್ಡ ಪಟ್ಟಿಯೇ ಬೇಕು. ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯನ್ನೂ ತೋರಿಸುತ್ತದೆ. ದೊಡ್ಡ ಪಟ್ಟಿಯಲ್ಲಿ 166/98 ಬಂತು. ಕಡಿಮೆಯೇನಲ್ಲ. ಆದರೆ ಹನ್ನೆರಡು ಪಾಯಿಂಟು ಬರೀ ಪಟ್ಟಿಯದು, ಮಾತಿನದು.

ಮೂರು ಬೇರೆ ಬೇರೆ ಜಾತಿಯ ಗುಳಿಗೆ, ಅದರಲ್ಲಿ ಒಂದು ನೀರಿನ ಗುಳಿಗೆ, ಎಲ್ಲ ಪೂರ್ತಿ ಡೋಸಿನಲ್ಲಿ ತಪ್ಪದೆ ತಗೊಂಡರೂ ಇಳಿಯದಿದ್ದರೆ ಅದಕ್ಕೆ ಡಾಕ್ಟರುಗಳು ರೆಸಿಸ್ಟೆಂಟ್ ಹೈಪರ್‌ಟೆನ್ಷನ್ ಅನ್ನುತ್ತಾರೆ. 'ನಿಮ್ಮದು ಅದು ಹೌದೋ ಅಲ್ಲೋ ಮೊದಲು ನೋಡೂಣ. ಎರಡು ತಿಂಗಳು ಕೊಡ್ರಿ' ಅಂದರು. ಇದೆಲ್ಲ ಕಾರ ಹುಣ್ಣಿಮೆ ಮುಗಿದ ವಾರದ ಮಾತು.

ಬೇರೆ ಯಾವುದಾದರೂ ರೋಗ ಬಿಪಿ ಏರಿಸುತ್ತಿದೆಯೋ ಅಂತ ನೋಡಲು ರಕ್ತ, ಮೂತ್ರ, ಕಿಡ್ನಿ ಸ್ಕ್ಯಾನ್, ಥೈರಾಯ್ಡ್, ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನು, ಎಲ್ಲ ಮಾಡಿಸಿದೆವು. ಖರ್ಚಾಯಿತು, ಏನೂ ಸಿಗಲಿಲ್ಲ. ಸಿಕ್ಕಿದ್ದು ಒಂದೇ, ಗೊರಕೆ. ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದೆ ಅನ್ನುತ್ತಾರಲ್ಲ, ನನ್ನ ಗೊರಕೆಗೆ ಗುಮ್ಮಟವೂ ಬೇಡ ಅಂತ ನಮ್ಮ ಮನೆಯವರ ಚೇಷ್ಟೆ. ನಿದ್ದೆಯಲ್ಲಿ ಉಸಿರು ಕಟ್ಟುವುದೂ ಬಿಪಿ ಇಳಿಯದಿರಲು ದೊಡ್ಡ ಕಾರಣ ಅಂತ ಆಮೇಲೆ ತಿಳಿಯಿತು. ರಾತ್ರಿ ಮಲಗುವಾಗ ಕಟ್ಟಿಕೊಳ್ಳುವ ಯಂತ್ರದಲ್ಲಿ ಪರೀಕ್ಷೆ ಮಾಡಿದರು. ಸ್ವಲ್ಪ ಇತ್ತು, ತೀರಾ ಜಾಸ್ತಿ ಇರಲಿಲ್ಲ. ತೂಕ ಇಳಿಸಿ, ಮಗ್ಗುಲಾಗಿ ಮಲಗಿ, ಮುಖ್ಯವಾಗಿ ಮಲಗಿ ಅಂದರು. 12ಕ್ಕೆ ಮಲಗಿ 4ಕ್ಕೆ ಏಳುವವಳು ನಾನು. ಖಾನಾವಳಿಯನ್ನು ಒಂದು ತಾಸು ಮೊದಲೇ ಮುಚ್ಚುವುದು ಅಂತಾಯಿತು. ರಾತ್ರಿ ಬಸ್ಸಿಳಿದು ಬರುವ ಗಿರಾಕಿಗಳು ಹೋದರು. ಆ ನಷ್ಟ ಇವತ್ತಿಗೂ ನಮ್ಮ ಮನೆಯವರ ಮುಖದಲ್ಲಿ ಕಾಣುತ್ತದೆ, ಬಾಯಿ ಬಿಟ್ಟು ಹೇಳಿಲ್ಲ.

ಮನೆಗೆ ಬಿಪಿ ಮಷಿನ್ ತಂದೆವು, ರಟ್ಟೆಗೆ ಕಟ್ಟುವಂಥದ್ದು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ. ಮನೆಯಲ್ಲಿ 135/85ರ ಕೆಳಗಿರಬೇಕು ಅಂತ ಲೆಕ್ಕ. ಖಾನಾವಳಿಯ ವಹಿಯಲ್ಲೇ ಹಿಂದಿನ ಹಾಳೆಯಿಂದ ಬರೆಯಲು ಶುರು ಮಾಡಿದೆ. ಮುಂದಿನಿಂದ ಜೋಳ, ಬೇಳೆ, ಗ್ಯಾಸು. ಹಿಂದಿನಿಂದ ನಾನು. ಮೊದಲ ವಾರ 158/94.

ಇನ್ನು ಉಪ್ಪು.

ಮೇಡಂ ಹೇಳಿದ್ದು ಸರಳ. ಒಂದು ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು, ಅದರೊಳಗೇ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ ಅಷ್ಟೇ ಹೇಳುತ್ತದೆ. ಒಂದು ಚಹಾ ಚಮಚೆ ಸಪಾಟು ತುಂಬಿದರೆ ನಮ್ಮ ತಕ್ಕಡಿಯಲ್ಲಿ 5 ಗ್ರಾಂ ಚಿಲ್ಲರೆ ತೋರಿಸಿತು. ನಾನೇನು ಜಾಸ್ತಿ ತಿನ್ನುತ್ತೇನೆ ಅಂದುಕೊಂಡೆ. ನಮ್ಮ ಊಟ ಶುರುವಾಗುವುದೇ ಜೋಳದ ರೊಟ್ಟಿಯಿಂದ. ಬಿಸಿ ರೊಟ್ಟಿಗೆ ನಾವು ಉಪ್ಪು ಹಾಕುವುದೇ ಇಲ್ಲ. ಹಿಟ್ಟು, ಬಿಸಿನೀರು, ಅಷ್ಟೇ. ಅಮೆರಿಕದವರು, ಇಂಗ್ಲೆಂಡಿನವರು ಬ್ರೆಡ್ಡಿನಲ್ಲೇ ಎಷ್ಟೋ ಉಪ್ಪು ತಿನ್ನುತ್ತಾರಂತೆ. ನಮಗೆ ಆ ತಾಪತ್ರಯ ಇಲ್ಲ.

ಆದರೆ ರೊಟ್ಟಿಯ ಸುತ್ತ ಕೂತಿರುವುದೆಲ್ಲ ಉಪ್ಪೇ. ಒಂದು ಕಿಲೋ ಶೇಂಗಾ ಹಿಂಡಿಗೆ ನಾವು ಸುಮಾರು 50 ಗ್ರಾಂ ಉಪ್ಪು ಹಾಕುತ್ತೇವೆ. ಊಟಕ್ಕೆ ಎರಡು ಚಮಚೆ ಹಿಂಡಿ ಹಾಕಿಕೊಂಡರೆ 1 ಗ್ರಾಂ ಆಯಿತು. ಉಪ್ಪಿನಕಾಯಿ ಒಂದು ಹೋಳು, ಮತ್ತೊಂದು ಗ್ರಾಂ. ಮಜ್ಜಿಗೆಗೆ ಒಂದು ಚಿಟಿಕೆ. ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ. ಹಪ್ಪಳದಲ್ಲಿ ಉಪ್ಪಿನ ಜೊತೆ ಹಪ್ಪಳಖಾರ ಅನ್ನುವ ಸೋಡಾದಂಥ ಪುಡಿ, ಮಿರ್ಚಿ ಭಜಿಯಲ್ಲಿ ಸೋಡಾ, ಅವುಗಳಲ್ಲೂ ಇರುವುದು ಉಪ್ಪಿನಲ್ಲಿರುವ, ಬಿಪಿ ಏರಿಸುವ ಸೋಡಿಯಮ್ಮೇ. ಸಂಜೆ ಚಹಾದ ಜೊತೆ ಖಾರಿ ಬಿಸ್ಕೀಟು.

ಮತ್ತೆ ಇನ್ನೊಂದು. ಇದು ಯಾವ ಡಾಕ್ಟರ ಪಟ್ಟಿಯಲ್ಲೂ ಇರಲಿಕ್ಕಿಲ್ಲ. ಅಡುಗೆ ಮಾಡುವವರು ರುಚಿ ನೋಡುತ್ತಾರೆ. ಎಣ್ಣೆಗಾಯಿ, ಬೇಳೆ, ಮಡಿಕೆ ಕಾಳು, ಝುಣಕ, ಪುಂಡಿಪಲ್ಲೆ, ಸಾರು. ಮಧ್ಯಾಹ್ನ ಒಂದು ಸುತ್ತು, ಸಂಜೆ ಇನ್ನೊಂದು. ಉಪ್ಪು ಕಡಿಮೆಯಾದರೆ ಹಾಕಿ ಮತ್ತೆ ನೋಡುವುದು. ಒಂದು ದಿನ ಸೌಟಿನಿಂದ ಅಂಗೈಗೆ ಬೀಳುವ ಅಷ್ಟನ್ನೇ ತಕ್ಕಡಿಗೆ ಹಾಕಿದೆ. 10 ಗ್ರಾಂ. ದಿನಕ್ಕೆ ಎಷ್ಟು ಸಲ ಅಂತ ಗೋಡೆಯ ಮೇಲೆ ಇದ್ದಿಲಲ್ಲಿ ಗೀರು ಹಾಕುತ್ತಾ ಹೋದೆ. ಇಪ್ಪತ್ತು ಗೀರು. ಅಂದರೆ 200 ಗ್ರಾಂ ಪಲ್ಲೆ. ನೂರಕ್ಕೆ ಒಂದೂಕಾಲು ಪಾಲು ಉಪ್ಪು ಅಂತ ಹಿಡಿದರೂ ಎರಡೂವರೆ ಗ್ರಾಂ. ತಾಟಿನ ಮುಂದೆ ಕೂಡುವ ಮೊದಲೇ ದಿನದ ಅರ್ಧ ಉಪ್ಪು ನನ್ನ ಹೊಟ್ಟೆಯಲ್ಲಿರುತ್ತಿತ್ತು. ಮೇಲೆ ಊಟ ಬೇರೆ. ಗೋಡೆಯ ಮುಂದೆ ನಿಂತು ಗೀರು ಎಣಿಸಿದ ಆ ಸಂಜೆಯನ್ನು ನಾನು ಮರೆಯುವುದಿಲ್ಲ.

'ರುಚಿ ನೋಡಿ ಉಗುಳಿಬಿಡ್ರಿ' ಅಂದರು ಮೇಡಂ. ಅನ್ನ ಉಗುಳುವುದು ಹೆಂಗ್ರೀ? ಗಿರಾಕಿಗಳ ಮುಂದೆ? ಆಗಲಿಲ್ಲ. ಆಯಿಗೆ ಹೇಳಿದೆ, ಇನ್ನು ಮೇಲೆ ನೀನೇ ನೋಡಬೇಕು ಅಂತ. 'ನಾ ರೊಟ್ಟಿ ಬಡಿಯಾಕಿ, ನಂಗ್ಯಾಕವಾ ಆ ಉಸಾಬರಿ' ಅಂದಳು. ಎರಡು ದಿನಕ್ಕೆ ಒಪ್ಪಿದಳು. ಒಳಗೊಳಗೆ ಖುಷಿಯೂ ಆಗಿತ್ತು ಅವಳಿಗೆ, ಅಧಿಕಾರ ಸಿಕ್ಕಿತಲ್ಲ.

ನನ್ನ ಪಾಲಿಗೆ ಒಂದು ಪುಟ್ಟ ಸ್ಟೀಲ್ ವಾಟಿ. ಬೆಳಿಗ್ಗೆ ಅದರಲ್ಲಿ ಒಂದು ಚಮಚೆ ಉಪ್ಪು. ನನಗಂತ ಪಲ್ಲೆಯನ್ನು ಉಪ್ಪು ಹಾಕುವ ಮೊದಲೇ ತೆಗೆದಿಟ್ಟು, ಅದರಿಂದಲೇ ಚಿಟಿಕೆ ಹಾಕಿಕೊಳ್ಳುವುದು. ಮೊದಲ ಎರಡು ವಾರ ಊಟ ಅಂದರೆ ಶಿಕ್ಷೆ. ಸಪ್ಪೆ ಅಂದರೆ ಸಪ್ಪೆ. ಆಗ ಕೈ ಹಿಡಿದದ್ದು ಹುಳಿ. ಪುಂಡಿಪಲ್ಲೆಗೆ ತನ್ನದೇ ಹುಳಿ ಇದೆ, ಬೆಳ್ಳುಳ್ಳಿ ಜಾಸ್ತಿ ಹಾಕಿದರೆ ಉಪ್ಪಿನ ನೆನಪೇ ಬರುವುದಿಲ್ಲ. ಹಕ್ಕರಕಿ ಪಚಡಿಗೆ ಲಿಂಬೆ ಹಿಂಡಿದರೆ ಸಾಕು. ಹಿಂಡಿಯನ್ನು ಉಪ್ಪಿಲ್ಲದೆ ಕುಟ್ಟಿ, ಗಟ್ಟಿ ಮೊಸರಿನ ಜೊತೆ ತಿಂದೆ. ಉಪ್ಪಿನಕಾಯಿಗೆ ಮಾತ್ರ ಬದಲಿ ಅಂತ ಏನೂ ಇಲ್ಲ. ಅದನ್ನು ಬಿಡಬೇಕು, ಅಷ್ಟೇ.

ಸಲಹೆ ಕೊಡುವವರಿಗೆ ಕೊರತೆಯೇ? ಸೈಂಧವ ಲವಣ ತಿಂದರೆ ಏನೂ ಆಗಲ್ಲ ಅಂದರು ಒಬ್ಬರು. ಅದೂ ಸೋಡಿಯಂ ಕ್ಲೋರೈಡೇ, ಬಣ್ಣ ಬೇರೆ. ನನ್ನ ಮೈದುನ ಅಂಗಡಿಯಿಂದ ಸೋಡಿಯಂ ಕಡಿಮೆ ಇರುವ ಉಪ್ಪಿನ ಪ್ಯಾಕೆಟ್ಟು ತಂದ. ಎಷ್ಟೋ ಜನಕ್ಕೆ ಅದು ಒಳ್ಳೆಯದೇ. ಆದರೆ ಅದರಲ್ಲಿ ಸ್ವಲ್ಪ ಸೋಡಿಯಂ ಬದಲು ಪೊಟ್ಯಾಶಿಯಂ ಇರುತ್ತದೆ. ನಾನು ತಗೊಳ್ಳುವ ಬಿಪಿ ಗುಳಿಗೆ ಟೆಲ್ಮಿಸಾರ್ಟಾನ್ ಕೂಡ ಮೈಯಲ್ಲಿ ಪೊಟ್ಯಾಶಿಯಂ ಉಳಿಸುವಂಥದ್ದು. ಎರಡೂ ಸೇರಿ ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. 'ನಿಮಗ ಅದು ಬ್ಯಾಡ' ಅಂದರು ಮೇಡಂ. ಪ್ಯಾಕೆಟ್ಟು ಇನ್ನೂ ಕಪಾಟಿನಲ್ಲಿದೆ.

ಐದನೇ ವಾರದ ಹೊತ್ತಿಗೆ ನಾಲಿಗೆ ತಿರುಗಿತು. ಒಂದು ದಿನ ಆಯಿ ಊರಿಗೆ ಹೋಗಿದ್ದಳು, ನಾನೇ ಉಪ್ಪು ಹಾಕಿದೆ. ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬರು ತಾಟು ಸರಿಸಿ, 'ಅಕ್ಕಾರ, ಇವತ್ತ ಬ್ಯಾಳಿಗೆ ಉಪ್ಪು ಹಾಕೋದು ಮರತೀರೇನ್ರಿ?' ಅಂದರು. ನನಗೆ ಅದು ಸರಿಯಾಗೇ ಇತ್ತು. ಖಾನಾವಳಿ ನಡೆಸುವವಳ ನಾಲಿಗೆ ಹೋಯಿತು ಅಂದರೆ ಅರ್ಧ ಬಂಡವಾಳ ಹೋದ ಹಾಗೆ. ಅವತ್ತು ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ವಹಿಯ ಹಿಂದಿನ ಹಾಳೆಯಲ್ಲಿ ಮಾತ್ರ 146/90 ಅಂತಿತ್ತು.

ನಡೆಯುವ ವಿಷಯಕ್ಕೆ ನಾನು ಜಗಳವನ್ನೇ ಆಡಿದೆ. ಹನ್ನೆರಡು ತಾಸು ಕಾಲ ಮೇಲಿರುವವಳಿಗೆ ಮತ್ತೆ ನಡಿ ಅಂದರೆ? ನಿಲ್ಲುವುದು ಬೇರೆ, ನಡೆಯುವುದು ಬೇರೆ ಅಂದರು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಜೋರು. ವಾರಕ್ಕೆ ಐದು ದಿನ, ಅರ್ಧ ತಾಸು. ಐದೂವರೆಗೆ ಮನೆ ಬಿಟ್ಟು ಸ್ಟೇಷನ್ ಕಡೆಯಿಂದ ಗೋಳಗುಮ್ಮಟದ ರಸ್ತೆ ಹಿಡಿದೆ. ಸೀರೆಯ ಕೆಳಗೆ ಬೂಟು. ಮೊದಲ ವಾರ ಓಣಿಯ ಹುಡುಗರು ನಕ್ಕರು, ಎರಡನೇ ವಾರ ನಾಯಿಗಳೂ ಬೊಗಳುವುದು ಬಿಟ್ಟವು. ಇದಕ್ಕಿಂತ ಜಾಸ್ತಿ ಹೇಳುವಂಥದ್ದೇನೂ ಇಲ್ಲ. ನಡೆದೆ. ಮೊಣಕಾಲು ನೋವು ಕಡಿಮೆಯಾಗಿದ್ದು ಮಾತ್ರ ನಾನು ಎಣಿಸಿರದ ಲಾಭ.

ಮೇಡಂ ಒಮ್ಮೆ ಒಂದು ಅಧ್ಯಯನದ ವಿಷಯ ಹೇಳಿದರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರದ್ದು, 2021ರಲ್ಲಿ ಬಂದದ್ದು. ನನ್ನಂಥದ್ದೇ ಜಗ್ಗದ ಬಿಪಿಯ 140 ಜನ, ನಾಲ್ಕು ತಿಂಗಳು. ಕೆಲವರಿಗೆ ಬರೀ ಬುದ್ಧಿವಾದ ಹೇಳಿ ಕಳಿಸಿದರು. ಉಳಿದವರಿಗೆ ವಾರ ವಾರ ಊಟದ ಸಲಹೆಗಾರರು, ವಾರಕ್ಕೆ ಮೂರು ಸಲ ಕಣ್ಣೆದುರೇ ವ್ಯಾಯಾಮ. ಮೇಲಿನ ನಂಬರು ಬುದ್ಧಿವಾದದವರಿಗೆ 7ರಷ್ಟು ಇಳಿಯಿತು, ಬೆನ್ನು ಹತ್ತಿಸಿಕೊಂಡವರಿಗೆ 12ರಷ್ಟು. ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ತಾಟು ತೊಳೆಯುವ ಹುಡುಗರಿಗೂ ಒಂದು ಸಲ ಹೇಳುವುದಕ್ಕೂ, ಪಕ್ಕದಲ್ಲಿ ನಿಲ್ಲುವುದಕ್ಕೂ ಫರಕು ಇದ್ದೇ ಇದೆ. ಆದರೆ ನನ್ನ ಬೆನ್ನು ಹತ್ತುವವರು ಯಾರು? ಓಣಿಯ ಹತ್ತಿರ ಸರಕಾರದ 'ನಮ್ಮ ಕ್ಲಿನಿಕ್' ಇದೆ. ಪ್ರತಿ ಸೋಮವಾರ ಅಲ್ಲಿಗೆ ಹೋಗಿ ಸಿಸ್ಟರಿಗೆ ವಹಿ ತೋರಿಸುವುದು, ತೂಕ ಹಾಕಿಸುವುದು ಅಂತ ಇಟ್ಟುಕೊಂಡೆ. ದುಡ್ಡು ಕೊಡಬೇಕಿಲ್ಲ. ನಾಗರಪಂಚಮಿಯ ವಾರ ಅರ್ಧ ಕಿಲೋ ಏರಿತ್ತು. ಅವರು ಏನೂ ಅನ್ನಲಿಲ್ಲ, 'ಉಂಡಿ ಎಷ್ಟು ತಿಂದ್ರಿ?' ಅಂತ ಕೇಳಿ ಪೆನ್ನು ಹಿಡಿದು ಕಾದರು. ಆರು ಅಂತ ಬರೆಸಿದೆ. ಹನ್ನೊಂದು ತಿಂದಿದ್ದೆ.

ಸುಳ್ಳಿನ ಮಾತು ಬಂತು, ಲವಂಗದ ವಿಷಯ ಹೇಳಿಬಿಡುತ್ತೇನೆ.

ಮೊದಲ ದಿನವೇ ಮೇಡಂ ಕೇಳಿದ್ದರು, ತಂಬಾಕು ಅಭ್ಯಾಸ ಇದೆಯಾ ಅಂತ. ಇಲ್ಲ ಅಂದಿದ್ದೆ. ಆ ಹೊತ್ತಿಗೆ ಅದು ಸುಳ್ಳು ಅಂತ ನನಗೆ ಅನ್ನಿಸಿರಲಿಲ್ಲ. ನಾನು ಹಚ್ಚುವುದು ಮಿಸ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ. ಮದುವೆಯಾಗಿ ಬಂದ ವರ್ಷ ಹಲ್ಲು ನೋವು ಅಂತ ಅತ್ತೆ ಕೊಟ್ಟಿದ್ದು. ನಮ್ಮ ಕಡೆ ಎಷ್ಟೋ ಹೆಂಗಸರು ಹಚ್ಚುತ್ತಾರೆ, ಅದು ಹಲ್ಲುಜ್ಜುವ ಲೆಕ್ಕ. ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ತಲೆಬಿಸಿಯಾದರೆ ಇನ್ನೊಮ್ಮೆ. ಗಿರಾಕಿಗಳಿಗೆ ವಾಸನೆ ಬರಬಾರದು ಅಂತ ಮೇಲೆ ಲವಂಗ.

ವಹಿಯಲ್ಲಿ ಬೆಳಗಿನ ನಂಬರು ಯಾವಾಗಲೂ ಸಂಜೆಯದಕ್ಕಿಂತ ಜಾಸ್ತಿ ಇರುತ್ತಿತ್ತು. ಒಂದು ದಿನ ಏನೋ ಅನ್ನಿಸಿ, ಮಿಸ್ರಿ ಹಚ್ಚುವ ಮೊದಲು ನೋಡಿದೆ, 144/88. ಹಚ್ಚಿ, ಬಾಯಿ ತೊಳೆದು, ಹತ್ತು ನಿಮಿಷ ಬಿಟ್ಟು ನೋಡಿದೆ, 156/94. ನಾಡಿ 74 ಇದ್ದದ್ದು 86. ಮೂರು ದಿನ ಹಾಗೇ ಮಾಡಿದೆ. ಮೂರೂ ದಿನ ಅದೇ ಕಥೆ.

ಉಪ್ಪು ಬಿಟ್ಟದ್ದು ಇದರ ಮುಂದೆ ಏನೂ ಅಲ್ಲ. ತಲೆ ಸಿಡಿಯಿತು, ಹೊಟ್ಟೆ ಕಟ್ಟಿತು, ಹುಡುಗರ ಮೇಲೆ ರೇಗಿದೆ, ಒಂದು ರಾತ್ರಿ ಎದ್ದು ಖಾಲಿ ಡಬ್ಬಿಯ ಮೂಲೆ ಕೆರೆದೆ. ಆ ವಾರ ಸೋಮವಾರ ಕ್ಲಿನಿಕ್ಕಿಗೆ ಹೋಗಲಿಲ್ಲ. ಮುಂದಿನ ಸೋಮವಾರ ಹೋಗಿ ಸಿಸ್ಟರ ಮುಂದೆ ಎಲ್ಲ ಹೇಳಿದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡು, 'ನಮ್ಮವ್ವನೂ ಹಚ್ಚತಾಳ್ರಿ' ಅಂದರು. ಪೂರ್ತಿ ಬಿಡಲು ಎರಡು ತಿಂಗಳು ಹಿಡಿಯಿತು. ಈಗಲೂ ಚೀಲದಲ್ಲಿ ಲವಂಗ ಇದೆ, ಬಾಯಿಗೆ ಏನಾದರೂ ಬೇಕಲ್ಲ.

ದಸರೆ ಹೊತ್ತಿಗೆ 140/87. ತೂಕ 82 ಇದ್ದದ್ದು 77. ಇಷ್ಟೆಲ್ಲ ಮಾಡಿದರೂ ಕೊನೆಯ ಐದು ಪಾಯಿಂಟು ಇಳಿಯಲಿಲ್ಲ. ಅಂದರೆ ನನ್ನ ಬಿಪಿ ಸ್ವಲ್ಪ ಹಟಮಾರಿಯೇ, ನಾನು ಹೇಳಿಕೊಂಡಷ್ಟಲ್ಲ. ಮೇಡಂ ನಾಲ್ಕನೆಯ ಗುಳಿಗೆ ಶುರು ಮಾಡಿದರು, ಸ್ಪೈರೊನೊಲ್ಯಾಕ್ಟೋನ್, ಸಣ್ಣ ಡೋಸು. ಇದೂ ಪೊಟ್ಯಾಶಿಯಂ ಏರಿಸುವಂಥದ್ದೇ, ಹಾಗಾಗಿ ಆಗಾಗ ರಕ್ತ ಪರೀಕ್ಷೆ. ಬಿಪಿಗೆ ಒಳ್ಳೆಯದು ಅಂತ ದಿನಾ ಎಳನೀರು ಕುಡಿಯುತ್ತಿದ್ದೆ, ಅದರಲ್ಲೂ ಪೊಟ್ಯಾಶಿಯಂ ಅಂತ ಅದಕ್ಕೂ ಕತ್ತರಿ. ಉಪ್ಪು ಬಿಟ್ಟು ನಡೆದರೆ ಗುಳಿಗೆಯೇ ಬೇಡ ಅಂತ ಮೊಬೈಲಿನಲ್ಲಿ ಹೇಳುವವರು ಬಹಳ ಇದ್ದಾರೆ. ನನ್ನದಂತೂ ಹಾಗಾಗಲಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ ಹೊತ್ತಿಗೆ 128/80 ಬಂತು. ನಾಲ್ಕು ಗುಳಿಗೆಯ ಮೇಲೆ.

ಏಪ್ರಿಲ್‌ನಲ್ಲಿ ಉಲ್ಟಾ ಹೊಡೆಯಿತು. ನಮ್ಮೂರ ಬಿಸಿಲು ಗೊತ್ತಲ್ಲ, ಅದರಲ್ಲಿ ಒಲೆಯ ಮುಂದೆ. ಬೆವರು ಸುರಿದು, ಬಗ್ಗಿ ಪಾತ್ರೆ ಎತ್ತಿ ಏಳುವಾಗ ಕಣ್ಣು ಕತ್ತಲೆ ಬಂತು. ಆಯಿ ಹಿಡಿದುಕೊಂಡಳು. ಮಷಿನ್ನಿನಲ್ಲಿ 102/60. 'ಉಪ್ಪು ಬಿಟ್ಟು ಸಾಯಾಕತ್ತಾಳ ನೋಡ್ರಿ' ಅಂತ ಅತ್ತೆ ದೊಡ್ಡ ಲೋಟದಲ್ಲಿ ಉಪ್ಪು ಮಜ್ಜಿಗೆ ತಂದರು. ನಾನು ಕುಡಿದೆ, ಸುಳ್ಳು ಯಾಕೆ. ಮೇಡಂಗೆ ಫೋನ್ ಮಾಡಿದರೆ ಬೈಯಲಿಲ್ಲ. ಬೇಸಿಗೆ ಮುಗಿಯುವವರೆಗೆ ನೀರಿನ ಗುಳಿಗೆ ಅರ್ಧಕ್ಕೆ ಇಳಿಸಿದರು. ನೀವಾಗಿಯೇ ಯಾವುದನ್ನೂ ಬಿಡಬೇಡಿ, ತಲೆ ತಿರುಗಿದರೆ ಮೊದಲು ಫೋನ್ ಮಾಡಿ ಅಂದರು. ಮಳೆ ಬಿದ್ದ ಮೇಲೆ ಮತ್ತೆ ಪೂರ್ತಿ.

ಈಗ ಆಯಿಯೇ ರುಚಿ ನೋಡುತ್ತಾಳೆ. ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ, ದೊಡ್ಡ ಅಡುಗೆಯವಳ ಹಾಗೆ. ಹೋದ ವಾರ ಅವಳು ಹಾಗೆ ನಿಂತಿದ್ದಾಗ ನನಗೆ ಗೋಡೆಯ ಮೇಲಿನ ಇದ್ದಿಲ ಗೀರು ಕಾಣಿಸಿತು. ಇನ್ನೂ ಅಳಿಸಿರಲಿಲ್ಲ. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಅವಳನ್ನು ಕುರ್ಚಿಯ ಮೇಲೆ ಕೂಡಿಸಿ, ಐದು ನಿಮಿಷ ಮಾತಾಡಬೇಡ ಅಂದೆ. ಅದು ಅವಳಿಗೆ ಬಹಳ ಕಷ್ಟ. ಪಟ್ಟಿ ಸುತ್ತಿದೆ. 152/86.

'ಎಷ್ಟು ಬಂತವಾ?'

ಹೇಳಿದೆ. ಅವಳಿಗೆ ನಂಬರು ತಿಳಿಯಲಿಲ್ಲ, ನನ್ನ ಮುಖ ತಿಳಿಯಿತು. 'ನಿನ್ನ ವಹ್ಯಾಗ ನಂದೂ ಬರಕೋ ಹಂಗಾದ್ರ' ಅಂದಳು. ಹೊಸ ಹಾಳೆ ತೆಗೆದೆ. ಸೋಮವಾರ ಇಬ್ಬರೂ ಹೋಗಬೇಕು. ಅಷ್ಟರೊಳಗೆ ರುಚಿ ನೋಡಲು ಯಾರನ್ನಾದರೂ ಹುಡುಕಬೇಕು.